ಮುಳ್ಳುತಂತಿಯೊಳಗೆ ಕೊಟ್ಟ ಮಾತು

1943ರ ಅಕ್ಟೋಬರ್ 21ರಂದು ಸಿಂಗಪುರದ ಕ್ಯಾಥೆ ಸಿನಿಮಾ ಮಂದಿರದಲ್ಲಿ ಸುಭಾಷ್‌ಚಂದ್ರ ಬೋಸರು ಆಜಾದ್ ಹಿಂದ್ ಸರ್ಕಾರವನ್ನು ಘೋಷಿಸಿದರು. ಆಗ ಅವರ ತೀರಾ ಹತ್ತಿರದ ಬಳಗದಲ್ಲಿ ಹೈದರಾಬಾದಿನ ಆಬಿದ್ ಹಸನ್ ಒಬ್ಬರು. ಜರ್ಮನಿಯಲ್ಲಿ ಓದುತ್ತಿದ್ದ ಈ ತರುಣ ಓದು ಬಿಟ್ಟು ಬೋಸರ ಜೊತೆಯಾಗಿದ್ದರು. ಆ ವರ್ಷದ ಫೆಬ್ರವರಿಯಲ್ಲಿ ಜರ್ಮನ್ ಜಲಾಂತರ್ಗಾಮಿಯಲ್ಲಿ ಹೊರಟು, ನಡುಗಡಲಲ್ಲಿ ಜಪಾನಿನ ಜಲಾಂತರ್ಗಾಮಿಗೆ ದಾಟಿಕೊಂಡು ಏಷ್ಯಾ ತಲುಪಿದ್ದರು. ‘ಜೈ ಹಿಂದ್’ ಎಂಬ ಘೋಷಣೆ ಕೊಟ್ಟವರು ಅವರೇ ಎನ್ನುತ್ತಾರೆ. ಸರ್ಕಾರದ ಘೋಷಣೆಯಾದ ಎಂಟು ದಿನಕ್ಕೆ, ಅಕ್ಟೋಬರ್ 29ರಂದು, ಹಾಂಗ್‌ಕಾಂಗಿನಲ್ಲಿ ಜಪಾನೀಯರು ಕ್ಯಾಪ್ಟನ್ ಮತೀನ್ ಅಹ್ಮದ್ ಅನ್ಸಾರಿಯವರ ತಲೆ ಕಡಿದರು. ರಜಪೂತ್ ರೆಜಿಮೆಂಟಿನ ಈ ಯುವ ಅಧಿಕಾರಿ 1941ರ ಡಿಸೆಂಬರ್‌ನಲ್ಲಿ ಸೆರೆ ಸಿಕ್ಕಿದ್ದರು. ಹೈದರಾಬಾದಿನ ನಿಜಾಮರ ಬಂಧು ಎಂದು ತಿಳಿದ ಮೇಲೆ ಜಪಾನೀಯರು ಅವರ ಬೆನ್ನು ಬಿದ್ದರು. ಬ್ರಿಟಿಷರ ನಿಷ್ಠೆ ಬಿಡು, ನಿನ್ನ ಜವಾನರನ್ನೂ ನಮ್ಮ ಕಡೆ ತಿರುಗಿಸು ಎಂದು ಕೇಳಿದರು. ಅವರು ಒಪ್ಪಲಿಲ್ಲ. ಸ್ಟ್ಯಾನ್ಲಿ ಜೈಲಿನಲ್ಲಿ ಉಪವಾಸ ಕೆಡವಿ ಹಿಂಸಿಸಿದರೂ ಒಪ್ಪಲಿಲ್ಲ.

ಒಂದೇ ಊರಿನ ಇಬ್ಬರು, ಒಂದೇ ವಾರದ ಆಸುಪಾಸು, ಎರಡು ದಾರಿ. ಆಬಿದ್ ಹಸನರು ಸ್ವತಂತ್ರ ಭಾರತದ ರಾಯಭಾರಿಯಾದರು, ಅವರ ಹೆಸರು ಅಲ್ಲಿಲ್ಲಿ ಕೇಳಿಬರುತ್ತದೆ. ಅನ್ಸಾರಿಯವರಿಗೆ 1946ರಲ್ಲಿ ಬ್ರಿಟಿಷ್ ಸರ್ಕಾರ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಕೊಟ್ಟಿತು. ಹೈದರಾಬಾದ್ ಸೀಮೆಯ ಎಷ್ಟು ಶಾಲೆಗಳಲ್ಲಿ ಅವರ ಹೆಸರು ಹೇಳುತ್ತಾರೆ? ಇಬ್ಬರಲ್ಲಿ ಯಾರು ಸರಿ ಎಂದು ಕೇಳುವ ಮೊದಲು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಆಬಿದ್ ಹಸನರು ತಮ್ಮ ದಾರಿ ಆರಿಸಿಕೊಂಡಾಗ ಅವರ ಕೈಗೆ ಬೇಡಿ ಇರಲಿಲ್ಲ. ಅನ್ಸಾರಿ ಸೆರೆಯಾಳಾಗಿದ್ದರು. ಸೆರೆಯೊಳಗೆ ಮಾಡಿದ ಆಯ್ಕೆಯನ್ನು ನಿಷ್ಠೆ ಎಂದೋ ದ್ರೋಹ ಎಂದೋ ಕರೆಯುವ ಹಕ್ಕು ಹೊರಗಿರುವವರಿಗೆ ಎಷ್ಟಿದೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡಿದೆ.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನಮ್ಮ ನಡಿಗಡ್ಡೆಗೆ, ಐಜ–ಗದ್ವಾಲದವರಿಗೆ, ಹೊಳೆಯಾಚೆಯ ಮಕ್ತಲ್–ನಾರಾಯಣಪೇಟೆಯವರಿಗೆ ಇದು ಪರದೇಶದ ಕತೆಯಲ್ಲ. ಗದ್ವಾಲ ಆಗ ನಿಜಾಮರಿಗೆ ಕಪ್ಪ ಕೊಡುತ್ತಿದ್ದ ಸಂಸ್ಥಾನ. ನಿಜಾಮರು ಬ್ರಿಟಿಷ್ ವಾಯುಪಡೆಯ ವಿಮಾನಗಳಿಗೆ ಹಣ ಕೊಟ್ಟರು, ತಮ್ಮ ಸಂಸ್ಥಾನದ ಸೇನೆಯ ಪಲ್ಟಣನ್ನೂ ಕಳಿಸಿದರು. 1941ರ ಡಿಸೆಂಬರ್ 8ರ ನಡುರಾತ್ರಿ ಜಪಾನೀಯರು ಮಲಯದ ಕೋಟಾ ಬಾರು ಕಡಲತೀರಕ್ಕೆ ಇಳಿದರು. ಪರ್ಲ್ ಹಾರ್ಬರ್ ಮೇಲೆ ಬಾಂಬು ಬೀಳುವುದಕ್ಕೂ ಸ್ವಲ್ಪ ಮೊದಲಿನ ಮಾತು ಅದು. ಅಲ್ಲಿನ ವಿಮಾನ ನಿಲ್ದಾಣದ ಕಾವಲಿಗಿದ್ದದ್ದು ನಿಜಾಮರ 1ನೇ ಹೈದರಾಬಾದ್ ಇನ್‌ಫೆಂಟ್ರಿ. ಹಿಮ್ಮೆಟ್ಟುವ ಗೊಂದಲದಲ್ಲಿ ಅದರ ದಂಡಾಧಿಕಾರಿಯೇ ಸತ್ತ, ತನ್ನ ಸಿಪಾಯಿಗಳ ಗುಂಡಿಗೇ ಎಂದು ಬ್ರಿಟಿಷ್ ಬರಹಗಳು ಹೇಳುತ್ತವೆ. ಮೈಸೂರು ಮಹಾರಾಜರ 1ನೇ ಮೈಸೂರು ಇನ್‌ಫೆಂಟ್ರಿಯೂ ಸಿಂಗಪುರದಲ್ಲಿತ್ತು. ಹೆಸರಿನಲ್ಲಿ ಹೈದರಾಬಾದ್ ಇದ್ದ ಇನ್ನೊಂದು ಪಡೆ, ಭಾರತೀಯ ಸೇನೆಯ 4/19ನೇ ಹೈದರಾಬಾದ್, ಸ್ಲಿಮ್ ನದಿಯ ಬಳಿ ಜಪಾನಿ ಟ್ಯಾಂಕುಗಳಿಗೆ ಸಿಕ್ಕು ಚೂರಾಯಿತು. ಆದರೆ ಅದರ ಜವಾನರು ಹೆಚ್ಚಾಗಿ ಕುಮಾವೂನಿಗಳು, ಜಾಟರು, ಅಹೀರರು. ಯುದ್ಧ ಮುಗಿದ ಮೇಲೆ ಆ ರೆಜಿಮೆಂಟಿನ ಹೆಸರನ್ನೇ ಕುಮಾವೂನ್ ಎಂದು ಬದಲಿಸಿದರು.

1942ರ ಫೆಬ್ರವರಿ 15ರಂದು ಸಿಂಗಪುರ ಶರಣಾಯಿತು. ಎರಡು ದಿನದ ಮೇಲೆ, 17ರಂದು, ಸುಮಾರು 40 ಸಾವಿರ ಭಾರತೀಯ ಸೈನಿಕರನ್ನು ಫ್ಯಾರರ್ ಪಾರ್ಕ್ ಮೈದಾನದಲ್ಲಿ ಕೂಡಿಹಾಕಿದರು. ಬ್ರಿಟಿಷ್ ಮತ್ತು ಆಸ್ಟ್ರೇಲಿಯನ್ ಸೈನಿಕರನ್ನು ಚಾಂಗಿಯ ಕಡೆಗೆ ನಡೆಸಿ, ಭಾರತೀಯರನ್ನು ಮಾತ್ರ ಬೇರೆ ಮಾಡಿದ್ದರು. ಒಬ್ಬ ಬ್ರಿಟಿಷ್ ಕರ್ನಲ್ ಎದ್ದುನಿಂತು ಇವರನ್ನು ಜಪಾನೀಯರ ವಶಕ್ಕೆ ಒಪ್ಪಿಸಿದ. ಮೇಜರ್ ಫುಜಿವಾರಾ ಜಪಾನಿ ಭಾಷೆಯಲ್ಲಿ ಮಾತಾಡಿದ, ಅದು ಇಂಗ್ಲಿಷಿಗೂ ಆಮೇಲೆ ಹಿಂದೂಸ್ತಾನಿಗೂ ಬಂತು. ಬಳಿಕ ಮಲಯದ ಜಿತ್ರಾ ಸೋಲಿನ ನಂತರ ಜಪಾನೀಯರ ಕೈಸೇರಿದ್ದ ಕ್ಯಾಪ್ಟನ್ ಮೋಹನ್ ಸಿಂಗ್ ಎದ್ದು, ಭಾರತದ ಬಿಡುಗಡೆಗೆ ಹೋರಾಡುವ ಹೊಸ ಫೌಜಿಗೆ, ಆಜಾದ್ ಹಿಂದ್ ಫೌಜಿಗೆ, ಬನ್ನಿ ಎಂದು ಕರೆದರು. ನಿನ್ನೆಯ ತನಕ ಗುಂಡಿನ ಮಳೆಯಲ್ಲಿದ್ದವರು, ಊಟ ಕಾಣದವರು, ತಮ್ಮ ಅಧಿಕಾರಿಗಳು ಬಿಟ್ಟುಹೋದುದನ್ನು ಕಣ್ಣಾರೆ ಕಂಡವರು ಆ ಮೈದಾನದಲ್ಲೇ ಕೂತು ತಮ್ಮ ಬಾಳಿನ ಅತಿ ದೊಡ್ಡ ತೀರ್ಮಾನ ಮಾಡಬೇಕಾಯಿತು.

ಒಪ್ಪದವರ ಪರವಾಗಿ ಮೊದಲು ಹೇಳುತ್ತೇನೆ. ಅವರ ಪರ ಮಾತಾಡುವವರು ನಮ್ಮಲ್ಲಿ ಕಡಿಮೆ.

ಅವರೆಲ್ಲ ಬ್ರಿಟಿಷ್ ದೊರೆಯ ಭಕ್ತರು ಎಂದು ಹಗುರವಾಗಿ ತಳ್ಳಿಹಾಕುವುದು ಅನ್ಯಾಯ. ಬಹಳಷ್ಟು ಜನರಿಗೆ ದೊರೆ ಕಂಡವನಲ್ಲ, ಕಂಡದ್ದು ಪಲ್ಟಣು. ಗುರುಗ್ರಂಥದ ಮೇಲೋ ಕುರಾನಿನ ಮೇಲೋ ಗಂಗಾಜಲ ಮುಟ್ಟಿಯೋ ಕೊಟ್ಟ ಮಾತು, ಅಪ್ಪ–ಅಜ್ಜಂದಿರು ದುಡಿದ ರೆಜಿಮೆಂಟಿನ ಇಜ್ಜತ್ತು, ಊರಲ್ಲಿ ಹೆಂಡತಿಯ ಕೈಗೆ ತಿಂಗಳು ತಿಂಗಳು ಸೇರುವ ಸಂಬಳದ ಪಾಲು ಇವುಗಳೇ ಅವರನ್ನು ಹಿಡಿದಿಟ್ಟವು. ಮಾತು ಕೊಟ್ಟಾಗ ಯಾರೂ ಕುತ್ತಿಗೆಗೆ ಕತ್ತಿ ಹಿಡಿದಿರಲಿಲ್ಲ, ಈಗ ಬದಲಿಸು ಎನ್ನುವವನ ಸೊಂಟದಲ್ಲಿ ಕತ್ತಿಯಿದೆ. ಹಾಗಾದರೆ ಯಾವ ಮಾತಿಗೆ ಬೆಲೆ? ಇನ್ನೊಂದು ವಾದ ಇದಕ್ಕಿಂತ ಗಟ್ಟಿ. ಬಿಡುಗಡೆ ಕೊಡಿಸುತ್ತೇವೆ ಎನ್ನುವವರು ಯಾರು? ಸಿಂಗಪುರ ಹಿಡಿದ ಮೊದಲ ವಾರಗಳಲ್ಲೇ ಜಪಾನೀಯರು ಅಲ್ಲಿನ ಸಾವಿರಾರು ಚೀನೀ ನಾಗರಿಕರನ್ನು ಸಾಲಾಗಿ ಒಯ್ದು ಕೊಂದರು. ಶಿಬಿರಗಳಲ್ಲಿದ್ದ ಭಾರತೀಯರಿಗೆ ಅದು ಗುಟ್ಟಾಗಿ ಉಳಿಯುವ ಸಂಗತಿಯಲ್ಲ. ಚೀನಾದಲ್ಲಿ, ಮಲಯದಲ್ಲಿ ಹೀಗೆ ಮಾಡುವವರು ಬಂಗಾಳದಲ್ಲಿ ಬೇರೆ ರೀತಿ ನಡೆದುಕೊಳ್ಳುತ್ತಾರೆಂದು ನಂಬುವುದು ಹೇಗೆ? ಈ ಸಂಶಯ ಸುಳ್ಳಾಗಲಿಲ್ಲ. ಹೆಸರಿಗೆ ಆಜಾದ್ ಹಿಂದ್ ಸರ್ಕಾರಕ್ಕೆ ಒಪ್ಪಿಸಿದ ಅಂಡಮಾನಿನಲ್ಲಿ 1944ರ ಜನವರಿ 30ರಂದು ಹಂಫ್ರೇಗಂಜ್ ಎಂಬಲ್ಲಿ ಜಪಾನೀಯರು 44 ಭಾರತೀಯರನ್ನು ಗುಂಡಿಕ್ಕಿ ಕೊಂದರು. ಬೋಸರು ಅಲ್ಲಿಗೆ ಭೇಟಿಕೊಟ್ಟು ಹೋಗಿ ಒಂದು ತಿಂಗಳಷ್ಟೇ ಆಗಿತ್ತು.

ಒಪ್ಪದೆ ಉಳಿದವರು ತೆತ್ತ ಬೆಲೆಯನ್ನು ಯಾರೂ ಲೆಕ್ಕ ಹಾಕಿಲ್ಲ ಎನ್ನುವಷ್ಟು ಮರೆತಿದ್ದೇವೆ. ಸಾವಿರಾರು ಜನರನ್ನು ಹಡಗಿನ ಹೊಟ್ಟೆಗೆ ತುಂಬಿ ನ್ಯೂ ಗಿನಿ, ನ್ಯೂ ಬ್ರಿಟನ್, ಬೋರ್ನಿಯೋ ಕಡೆಗೆ ಕೂಲಿಗೆ ಸಾಗಿಸಿದರು. ಆ ಹಡಗುಗಳ ಮೇಲೆ ಯುದ್ಧಕೈದಿಗಳಿದ್ದಾರೆ ಎಂಬ ಗುರುತಿರಲಿಲ್ಲ. 1943ರ ಜನವರಿ 26ರಂದು ಅಮೆರಿಕದ ಜಲಾಂತರ್ಗಾಮಿ ವಾಹೂ ಮುಳುಗಿಸಿದ ಬುಯೋ ಮಾರು ಹಡಗಿನಲ್ಲಿ ಪಂಜಾಬ್ ರೆಜಿಮೆಂಟಿನ 491 ಭಾರತೀಯ ಸೆರೆಯಾಳುಗಳಿದ್ದರು. 195 ಜನ ಸತ್ತರು. ಹಿಡಿದವರು ಶತ್ರುಗಳು, ಕೊಂದವರು ಮಿತ್ರಪಕ್ಷದವರು. ಅದೇ ವರ್ಷ ಸುಮಾರು 3 ಸಾವಿರ ಭಾರತೀಯರನ್ನು ನ್ಯೂ ಗಿನಿಯ ವೇವಾಕ್‌ಗೆ ಒಯ್ದರು. ಮಲೇರಿಯಾ, ಹಸಿವು, ಬಡಿತ, ಮೇಲಿಂದ ಮಿತ್ರಪಕ್ಷದ ವಿಮಾನಗಳ ಬಾಂಬು. ಕೊನೆಕೊನೆಗೆ ತಿನ್ನಲು ಇಲ್ಲದ ಜಪಾನಿ ಸೈನಿಕರು ಸೆರೆಯಾಳುಗಳನ್ನೇ ಕೊಂದು ತಿಂದರೆಂದು ಬದುಕುಳಿದ ಭಾರತೀಯರು ಯುದ್ಧಾಪರಾಧದ ತನಿಖೆಯಲ್ಲಿ ಹೇಳಿಕೆ ಕೊಟ್ಟಿದ್ದಾರೆ. ಬಹುಪಾಲು ಜನ ಮರಳಲಿಲ್ಲ. ಕೋಟಾ ಬಾರುವಿನಲ್ಲಿ ಹೈದರಾಬಾದ್ ಪಲ್ಟಣಿದ್ದ ಬ್ರಿಗೇಡಿನದೇ ಇನ್ನೊಂದು ಪಡೆ 2/12ನೇ ಫ್ರಾಂಟಿಯರ್ ಫೋರ್ಸ್ ರೆಜಿಮೆಂಟ್. ಅದರ ಜಮಾದಾರ್ ಚಿಂತ್ ಸಿಂಗ್, ಸೆಪಿಕ್ ನದಿಯ ಅಂಗೋರಾಂನಲ್ಲಿ 1945ರ ಸೆಪ್ಟೆಂಬರ್ ಕೊನೆಗೆ ಆಸ್ಟ್ರೇಲಿಯನ್ನರಿಗೆ ಸಿಕ್ಕಾಗ ಅವರ ಗುಂಪಿನಲ್ಲಿ ಉಳಿದವರು ಒಟ್ಟು 11 ಜನ.

ಈಗ ಒಪ್ಪಿದವರ ಕಡೆಗೆ ಬರೋಣ.

ಜೋಳ ಬೆಳೆಯುವ ಸೀಮೆಯವರಾದ ನಮಗೆ ಹಳಗನ್ನಡದ ಜೋಳದ ಪಾಳಿಯನ್ನು ಬಿಡಿಸಿ ಹೇಳಬೇಕಿಲ್ಲ. ಒಡೆಯನ ಜೋಳ ಉಂಡವನು ಅವನಿಗಾಗಿ ತಲೆ ಕೊಡಬೇಕು. ಕನ್ನಡ ಕಾವ್ಯಗಳು ಕರ್ಣನನ್ನು ಎತ್ತಿ ಹಿಡಿದದ್ದೂ ಇದಕ್ಕೇ. ಪಾಂಡವರು ತನ್ನ ತಮ್ಮಂದಿರೆಂದು ಗೊತ್ತಾದ ಮೇಲೂ ಅವನು ದುರ್ಯೋಧನನನ್ನು ಬಿಡಲಿಲ್ಲ. ಒಪ್ಪದ ಸೈನಿಕರನ್ನು ಕರ್ಣನ ಸಾಲಿಗೂ ಒಪ್ಪಿದವರನ್ನು ವಿಭೀಷಣನ ಸಾಲಿಗೂ ಸೇರಿಸಿ ಮಾತಾಡುವವರನ್ನು ಕೇಳಿದ್ದೇನೆ. ಆದರೆ ಜೋಳದ ಪಾಳಿ ಎರಡೂ ಕಡೆಯ ಋಣ. ದುರ್ಯೋಧನ ಎಷ್ಟೇ ಕೆಟ್ಟವನಾದರೂ ಕರ್ಣನನ್ನು ಮೈದಾನದಲ್ಲಿ ಕೂರಿಸಿ ಶತ್ರುವಿಗೆ ಒಪ್ಪಿಸಿ ಹೋಗಲಿಲ್ಲ. ಫ್ಯಾರರ್ ಪಾರ್ಕಿನಲ್ಲಿ ಒಡೆಯನೇ ಪಾಳಿ ಮುರಿದ. ತನ್ನ ಬಿಳಿ ಸೈನಿಕರನ್ನು ಒಂದು ಕಡೆ, ಕಂದು ಸೈನಿಕರನ್ನು ಇನ್ನೊಂದು ಕಡೆ ಮಾಡುವುದಕ್ಕೆ ತಲೆಬಾಗಿದ. ಅದಕ್ಕೂ ಮೊದಲು ಏನು ನಡೆದಿತ್ತು ಎಂದು ನೋಡಿದರೆ ಆ ಮುರಿತ ಹಳೆಯದು. ಡೆಹ್ರಾಡೂನಿನಲ್ಲಿ ತರಬೇತಾದ ಭಾರತೀಯ ಅಧಿಕಾರಿಗೆ ಅದೇ ಕೆಲಸಕ್ಕೆ ಬ್ರಿಟಿಷ್ ಅಧಿಕಾರಿಗಿಂತ ಕಡಿಮೆ ಸಂಬಳ. ಯಾವ ಮಲಯವನ್ನು ಕಾಯಲು ಬಂದಿದ್ದರೋ ಅದೇ ಮಲಯದ ಎಷ್ಟೋ ಕ್ಲಬ್ಬುಗಳಲ್ಲಿ ಅವರಿಗೆ ಪ್ರವೇಶವಿಲ್ಲ. ತಮ್ಮ ದೇಶವನ್ನು ಕೇಳದೆಯೇ ಯುದ್ಧಕ್ಕೆ ಎಳೆದವರಿಗೆ ಕೊಟ್ಟ ಮಾತು ಎಷ್ಟು ದೂರ ಕಟ್ಟಿಹಾಕುತ್ತದೆ ಎಂದು ಅವರು ಕೇಳಿಕೊಂಡರೆ ಅದರಲ್ಲಿ ತಪ್ಪೇನು?

ಇನ್ನು ಜಪಾನೀಯರ ಕೈಗೊಂಬೆಗಳು ಎಂಬ ಆರೋಪ. ಇದಕ್ಕೆ ಮೋಹನ್ ಸಿಂಗರ ಬಾಳೇ ಉತ್ತರ. 1942ರ ಸೆಪ್ಟೆಂಬರ್‌ನಲ್ಲಿ ಸುಮಾರು 16 ಸಾವಿರ ಜನರ ಫೌಜು ಕಟ್ಟಿದ ಅವರು, ನಮ್ಮ ಫೌಜನ್ನು ಮಿತ್ರಸೇನೆಯೆಂದು ಸ್ಪಷ್ಟವಾಗಿ ಒಪ್ಪಿಕೊಳ್ಳದೆ ಜನರನ್ನು ಬರ್ಮಾಕ್ಕೆ ಕಳಿಸುವುದಿಲ್ಲ ಎಂದು ಜಪಾನೀಯರಿಗೆ ಎದುರಾಡಿದರು. ಡಿಸೆಂಬರ್ ಕೊನೆಗೆ ಜಪಾನೀಯರೇ ಅವರನ್ನು ಬಂಧಿಸಿದರು, ಫೌಜು ಚದುರಿತು. ಯುದ್ಧ ಮುಗಿದಾಗ ಬ್ರಿಟಿಷರ ಕೈಗೆ ಸಿಕ್ಕರು. ಒಬ್ಬ ಮನುಷ್ಯ ಒಂದೇ ಯುದ್ಧದಲ್ಲಿ ಎರಡೂ ಪಕ್ಷದ ಸೆರೆ ಕಂಡ. ಕೈಗೊಂಬೆಗೆ ಯಾರೂ ಹಾಗೆ ಬೇಡಿ ಹಾಕುವುದಿಲ್ಲ. ಅವರ ಫೌಜು ಒಡೆದಾಗ ಅದರಲ್ಲಿದ್ದ ಸಾವಿರಾರು ಜನ ಮತ್ತೆ ಬರಿಯ ಯುದ್ಧಕೈದಿಗಳಾದರು, ಅವರಲ್ಲೂ ಅನೇಕರು ನ್ಯೂ ಗಿನಿಯ ಹಡಗು ಹತ್ತಿದರು. ಒಪ್ಪಿದವನು, ಒಪ್ಪದವನು ಎಂಬ ಎರಡು ಸಾಲು ಗೆರೆ ಎಳೆದಷ್ಟು ಸುಲಭವಾಗಿರಲಿಲ್ಲ.

ಎಷ್ಟು ಸುಲಭವಾಗಿರಲಿಲ್ಲ ಎಂಬುದಕ್ಕೆ ಇಬ್ಬರನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಬಹಾವಲ್‌ಪುರ ಸಂಸ್ಥಾನದ ಸೇನೆಯ ಕ್ಯಾಪ್ಟನ್ ಮಹಮೂದ್ ಖಾನ್ ದುರ್ರಾನಿ ತೋರಿಕೆಗೆ ಜಪಾನೀಯರೊಂದಿಗೆ ಸಹಕರಿಸುತ್ತ, ಭಾರತಕ್ಕೆ ಬೇಹುಗಾರರನ್ನು ಕಳಿಸುವ ಅವರ ಯೋಜನೆಯನ್ನು ಒಳಗಿಂದಲೇ ಕೆಡಿಸಿದರು. ಸಿಕ್ಕಿಬಿದ್ದು ಚಿತ್ರಹಿಂಸೆ ಅನುಭವಿಸಿದರು, ಬದುಕುಳಿದರು, ಜಾರ್ಜ್ ಕ್ರಾಸ್ ಪಡೆದರು. ಶಾ ನವಾಜ್ ಖಾನ್ ಕೂಡ ಮೊದಲು ಈ ಫೌಜನ್ನು ವಿರೋಧಿಸಿದವರು. ಬಳಿಕ ಅದನ್ನು ಒಳಗಿಂದ ಮುರಿಯಲೆಂದೇ ಸೇರಿದೆ, ಬೋಸರು ಬಂದ ಮೇಲೆ ಮನಸ್ಸು ಬದಲಾಯಿತು ಎಂದು ಕೆಂಪುಕೋಟೆಯ ನ್ಯಾಯಾಲಯದಲ್ಲಿ ಅವರೇ ಹೇಳಿದರು. ಇಬ್ಬರೂ ಒಂದೇ ಬಾಗಿಲಿನಿಂದ, ಒಂದೇ ಉದ್ದೇಶ ಇಟ್ಟುಕೊಂಡು ಒಳಹೊಕ್ಕವರು. ಹೊರಬರುವ ಹೊತ್ತಿಗೆ ಒಬ್ಬರ ಎದೆಯ ಮೇಲೆ ದೊರೆಯ ಪದಕ, ಇನ್ನೊಬ್ಬರ ಮೇಲೆ ದೊರೆಯ ವಿರುದ್ಧ ಯುದ್ಧ ಸಾರಿದ ಆರೋಪ. ಫ್ಯಾರರ್ ಪಾರ್ಕಿನ ದಿನ ಇವರನ್ನು ನೋಡಿದವನಿಗೆ ಯಾರು ಯಾವ ಕಡೆ ಹೋಗುತ್ತಾರೆಂದು ಹೇಳಲಾಗುತ್ತಿತ್ತೇ?

ಕೆಂಪುಕೋಟೆಯ ವಿಚಾರಣೆ 1945ರ ನವೆಂಬರ್ 5ರಿಂದ ಡಿಸೆಂಬರ್ 31ರ ತನಕ ನಡೆಯಿತು. ಶಾ ನವಾಜ್, ಪ್ರೇಮ್ ಸಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಎಂಬ ಮೂವರ ಪರ ಭೂಲಾಭಾಯಿ ದೇಸಾಯಿ ವಾದಿಸಿದರು. ಆಳಿಸಿಕೊಳ್ಳುವ ಜನಕ್ಕೂ ಬಿಡುಗಡೆಗಾಗಿ ಯುದ್ಧ ಸಾರುವ ಹಕ್ಕಿದೆ ಎಂಬುದು ಅವರ ವಾದದ ಬೆನ್ನೆಲುಬು. ಆಜೀವ ಗಡೀಪಾರಿನ ಶಿಕ್ಷೆಯಾಯಿತು, ದೇಶದ ಕೋಪ ಕಂಡ ಸೇನಾಧಿಪತಿ ಆಕಿನ್‌ಲೆಕ್ ಕೆಲವೇ ದಿನಗಳಲ್ಲಿ ಗಡೀಪಾರನ್ನು ರದ್ದುಮಾಡಿದ. ಈ ಕತೆ ನಮಗೆಲ್ಲ ಗೊತ್ತಿದೆ. ಗೊತ್ತಿಲ್ಲದ್ದು ಅದರ ಹಿಂದೆ ಶಿಬಿರಗಳಲ್ಲಿ ನಡೆದ ವಿಂಗಡಣೆ. ಮರಳಿ ಬಂದ ಭಾರತೀಯ ಸೆರೆಯಾಳುಗಳನ್ನು ಬ್ರಿಟಿಷರು ಬಿಳಿ, ಬೂದು, ಕಪ್ಪು ಎಂದು ಮೂರು ಬಣ್ಣಗಳಲ್ಲಿ ಗುರುತಿಸಿದರು. ಬಿಳಿಯವನಿಗೆ ಬಾಕಿ ಸಂಬಳ, ಕಪ್ಪಿನವನಿಗೆ ವಜಾ. ಒಬ್ಬನ ಹೇಳಿಕೆಯ ಮೇಲೆ ಇನ್ನೊಬ್ಬನ ಬಣ್ಣ ತೀರ್ಮಾನವಾಗುತ್ತಿತ್ತು. ಒಂದೇ ತಟ್ಟೆಯಲ್ಲಿ ಉಂಡವರು ಒಬ್ಬರ ಮೇಲೊಬ್ಬರು ಸಾಕ್ಷಿ ಹೇಳಿದರು. ಸ್ವತಂತ್ರ ಭಾರತವೂ ಈ ಬಣ್ಣಗಳನ್ನು ಪೂರ್ತಿ ಅಳಿಸಲಿಲ್ಲ. ಆಜಾದ್ ಹಿಂದ್ ಫೌಜಿನವರನ್ನು ಕೊಂಡಾಡಿದ ನೆಹರೂ ಸರ್ಕಾರವೇ ಅವರನ್ನು ಸೇನೆಗೆ ಮರಳಿ ಸೇರಿಸಿಕೊಳ್ಳಲಿಲ್ಲ. ಸೇನೆಯ ಶಿಸ್ತು ಒಡೆಯಬಾರದೆಂಬ ಆ ಕಾರಣದಲ್ಲಿ ಹುರುಳಿಲ್ಲ ಎನ್ನಲಾರೆ. ಕೊಟ್ಟ ಮಾತನ್ನು ಆಯಾ ಕಾಲದ ರಾಜಕೀಯ ನೋಡಿ ಬದಲಿಸಬಹುದೆಂದು ಕಲಿತ ಸೇನೆ ಏನಾಗುತ್ತದೆ ಎಂಬುದಕ್ಕೆ ನೆರೆಹೊರೆಯಲ್ಲೇ ಉದಾಹರಣೆಗಳಿವೆ. ಆದರೆ ಒಬ್ಬ ಜವಾನನಿಗೆ ಮೆರವಣಿಗೆ ಕೊಟ್ಟು ಕೆಲಸ ಕೊಡದಿರುವುದೂ ನ್ಯಾಯವಲ್ಲ. ಸ್ವಾತಂತ್ರ್ಯ ಯೋಧರ ಪಿಂಚಣಿ ಯೋಜನೆ ಬಂದದ್ದು 1972ರಲ್ಲಿ.

ನಮ್ಮ ಸೀಮೆ ಇದೇ ಪ್ರಶ್ನೆಯನ್ನು ಇನ್ನೊಮ್ಮೆ ಹತ್ತಿರದಿಂದ ಕಂಡಿತು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ನಿಜಾಮರ ಗಡಿ ದಾಟಿತು. ಐದು ದಿನದಲ್ಲಿ ಎಲ್ಲ ಮುಗಿದು, 18ರಂದು ನಿಜಾಮರ ಸೇನಾಪತಿ ಎಲ್ ಎದ್ರೂಸ್, ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಮುಂದೆ ಶರಣಾದರು. ಏಳು ವರ್ಷದ ಹಿಂದೆ ನಿಜಾಮರ ಮಾತಿಗೆ ಬ್ರಿಟಿಷರ ಪರ ಕೋಟಾ ಬಾರುವಿನಲ್ಲಿ ನಿಂತಿದ್ದ ಸೇನೆ ಈಗ ಅದೇ ನಿಜಾಮರ ಮಾತಿಗೆ ಭಾರತದ ಎದುರು ನಿಂತು ಸೋತಿತ್ತು. ನಿಜಾಮರ ಪರ ನಿಂತ ಖಾಸಗಿ ಪಡೆಯಾದ ರಜಾಕಾರರು ಮಾಡಿದ ಅತ್ಯಾಚಾರಗಳಿಗೆ ಕ್ಷಮೆ ಇಲ್ಲ, ಅದನ್ನು ಕಂಡುಂಡ ಊರುಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಆದರೆ ಸಂಬಳಕ್ಕೆ ದುಡಿದ ಸಂಸ್ಥಾನದ ಸಿಪಾಯಿಗೂ ರಜಾಕಾರನಿಗೂ ವ್ಯತ್ಯಾಸವಿತ್ತು. ಮಲಯದಲ್ಲಿ ನಿಷ್ಠೆ ಎನಿಸಿದ್ದು ಹೈದರಾಬಾದಿನಲ್ಲಿ ಅಪರಾಧದಂತೆ ಕಾಣತೊಡಗಿದ್ದು ಸಿಪಾಯಿ ಬದಲಾದನೆಂದಲ್ಲ.

ಇದನ್ನೆಲ್ಲ ಒಂದೇ ಮನೆಯಲ್ಲಿ ಕಂಡವರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಮಡಿಕೇರಿಯ ಆ ಮನೆಯ ಮೂವರು ಗಂಡುಮಕ್ಕಳೂ ಸೇನಾಧಿಕಾರಿಗಳು. ತಿಮ್ಮಯ್ಯನವರು 4/19ನೇ ಹೈದರಾಬಾದಿನಲ್ಲೇ ಸೇವೆ ಸಲ್ಲಿಸಿದ್ದವರು. ಯುದ್ಧದಲ್ಲಿ ಅವರು ಬರ್ಮಾದ ಅರಾಕಾನಿನಲ್ಲಿ ಜಪಾನೀಯರ ವಿರುದ್ಧ ಕಾದಿದರು, ಅಣ್ಣ ಪೊನ್ನಪ್ಪ ಆಜಾದ್ ಹಿಂದ್ ಫೌಜ್ ಸೇರಿದರು. ತಮ್ಮ ಒಂದು ಕಡೆ, ಅಣ್ಣ ಇನ್ನೊಂದು ಕಡೆ. ಇಬ್ಬರಲ್ಲಿ ಯಾರು ದೇಶಭಕ್ತರು ಎಂದು ಆ ಮನೆಯ ಜಗಲಿಯಲ್ಲಿ ನಿಂತು ಕೇಳುವ ಧೈರ್ಯ ನನಗಿಲ್ಲ.

ಇದೇ ತಿಮ್ಮಯ್ಯನವರು 1953ರಲ್ಲಿ ಕೊರಿಯಾಕ್ಕೆ ಹೋದರು. ಅಲ್ಲಿನ ಯುದ್ಧ ನಿಂತಿತ್ತು, ಆದರೆ ತಮ್ಮ ದೇಶಕ್ಕೆ ಮರಳಲು ಒಲ್ಲೆವೆಂದ ಯುದ್ಧಕೈದಿಗಳ ಪ್ರಶ್ನೆ ಉಳಿದಿತ್ತು. ಅವರ ನಿಜವಾದ ಇಚ್ಛೆ ಏನೆಂದು ತಿಳಿಯಲು ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರು. ಸೆರೆಯಾಳುಗಳನ್ನು ಕಾಯುವ ಭಾರತೀಯ ಪಡೆಗೆ ಮೇಜರ್ ಜನರಲ್ ಥೋರಟ್ ಮುಖ್ಯಸ್ಥರು. ದಕ್ಷಿಣ ಕೊರಿಯಾದ ಸಿಂಗ್‌ಮನ್ ರೀ ತನ್ನ ನೆಲದ ಮೇಲೆ ಭಾರತೀಯರು ಕಾಲಿಡಕೂಡದು ಎಂದದ್ದರಿಂದ ಇಡೀ ಪಡೆಯನ್ನು ಇಂಚೋನ್‌ನಿಂದ ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಯಿತು. ಅಮೆರಿಕದ ಕಡೆಯಿಂದ 22,604 ಚೀನೀ ಮತ್ತು ಕೊರಿಯನ್ ಸೆರೆಯಾಳುಗಳು ಬಂದರು, ಇನ್ನೊಂದು ಕಡೆಯಿಂದ 359 ಜನ. ಅವರಲ್ಲಿ 23 ಜನ ಅಮೆರಿಕನ್ನರು, ಒಬ್ಬ ಬ್ರಿಟಿಷ್.

ಕೇಳಿದರೆ ತಿಳಿಯುತ್ತದೆ ಎಂದು ಒಪ್ಪಂದ ಬರೆದವರು ನಂಬಿದ್ದರು. ಮುಳ್ಳುತಂತಿಯ ಒಳಗೆ ಬೇರೆಯೇ ಆಡಳಿತವಿತ್ತು. ಒಂದೊಂದು ಅಂಗಳಕ್ಕೂ ಸೆರೆಯಾಳುಗಳದೇ ಮುಖಂಡರು, ಅವರದೇ ಕಾವಲು, ಅವರದೇ ದಂಡ. ಊರಿಗೆ ಹೋಗುತ್ತೇನೆಂದು ಬಾಯಿಬಿಟ್ಟವನು ಮರುದಿನ ಬದುಕಿರುವ ಖಾತ್ರಿ ಇರಲಿಲ್ಲ, ಕೊಲೆಗಳಾದವು. ಕಡೆಗೆ ಮರಳಿ ಹೋಗಲು ಒಪ್ಪಿದವರು 22 ಸಾವಿರಕ್ಕೂ ಮಿಕ್ಕಿದವರಲ್ಲಿ 628 ಜನ ಮಾತ್ರ. ಈ ಸಂಘಟನೆಗಳ ಹಿಡಿತದಲ್ಲಿ ಸೆರೆಯಾಳು ತನ್ನ ಮನಸ್ಸಿನಂತೆ ನಿರ್ಧರಿಸಲಾರ ಎಂದು ಆಯೋಗದ ಬಹುಮತದ ವರದಿ ಬರೆಯಿತು. ಪೋಲೆಂಡ್, ಚೆಕೊಸ್ಲೊವಾಕಿಯಾ ಜೊತೆ ಭಾರತ ಅದಕ್ಕೆ ಸಹಿ ಹಾಕಿತು, ಸ್ವಿಟ್ಜರ್ಲೆಂಡ್ ಮತ್ತು ಸ್ವೀಡನ್ ಒಪ್ಪಲಿಲ್ಲ. ಸ್ವಿಸ್ ಮತ್ತು ಸ್ವೀಡಿಷ್ ಸದಸ್ಯರ ನಿಲುವನ್ನೂ ಗೌರವದಿಂದ ಕೇಳಬೇಕು. ಬಲವಂತವಾಗಿ ಯಾರನ್ನೂ ಕೂರಿಸಿ ಪ್ರಶ್ನಿಸಬಾರದು, ಬಾರದವನು ಬಾರದಿರುವುದೇ ಅವನ ಉತ್ತರ ಎಂಬುದು ಅವರ ಪಟ್ಟು. 1954ರ ಜನವರಿ 20ರಂದು ತಿಮ್ಮಯ್ಯನವರು ಉಳಿದವರನ್ನು ಅವರವರನ್ನು ಹಿಡಿದಿದ್ದ ಕಡೆಗೇ ಒಪ್ಪಿಸತೊಡಗಿದರು. 88 ಜನ ಎರಡೂ ಕಡೆ ಬೇಡವೆಂದು ಭಾರತದ ಪಡೆಯ ಜೊತೆ ಹಡಗು ಹತ್ತಿದರು.

1949ರ ಜಿನೀವಾ ಒಪ್ಪಂದದಲ್ಲಿ ಒಂದು ವಿಧಿಯಿದೆ: ಸೆರೆಯಾಳು ತಾನೇ ಇಷ್ಟಪಟ್ಟರೂ ಆ ಒಪ್ಪಂದ ಕೊಟ್ಟ ಹಕ್ಕುಗಳನ್ನು ಬಿಟ್ಟುಕೊಡುವಂತಿಲ್ಲ. ಅವನನ್ನು ಶತ್ರುಸೇನೆಯಲ್ಲಿ ದುಡಿಯುವಂತೆ ಬಲವಂತ ಮಾಡುವುದು ಗಂಭೀರ ಅಪರಾಧ. ಮೇಲ್ನೋಟಕ್ಕೆ ಇದು ಮನುಷ್ಯನ ಬುದ್ಧಿಯನ್ನು ಕಡೆಗಣಿಸಿದಂತೆ ಕಾಣುತ್ತದೆ, ಮೋಹನ್ ಸಿಂಗರಂಥವರ ಸಂಕಲ್ಪಕ್ಕೆ ಬೆಲೆಯೇ ಇಲ್ಲವೇ ಎನಿಸುತ್ತದೆ. ಸಿಂಗಪುರದ ಶಿಬಿರಗಳನ್ನೂ ಕೊರಿಯಾದ ಅಂಗಳಗಳನ್ನೂ ನೆನೆದರೆ ಮಾತ್ರ ಅದರ ಅಗತ್ಯ ತಿಳಿಯುತ್ತದೆ. ಅನ್ನದ ತಟ್ಟೆ ಯಾರ ಕೈಯಲ್ಲಿದೆಯೋ ಅವನ ಮುಂದೆ ಹೇಳಿದ ಹೌದು, ಇಲ್ಲ ಎರಡೂ ಪೂರ್ತಿ ನಮ್ಮವಲ್ಲ.

ಹಾಗಾದರೆ ಎಲ್ಲರೂ ಸರಿ, ಯಾರ ಮೇಲೂ ಮಾತಿಲ್ಲ ಎನ್ನೋಣವೇ? ನಾನು ಹಾಗೆನ್ನಲಾರೆ. ಯಾವ ಬಾವುಟದ ಕೆಳಗೆ ನಿಂತ ಎಂಬುದನ್ನು ಬಿಟ್ಟರೂ ಸೆರೆಯಲ್ಲಿ ಒಬ್ಬ ಮನುಷ್ಯನ ಕೈಯಲ್ಲಿ ಉಳಿಯುವ ಒಂದು ಸಂಗತಿಯಿದೆ. ಪಕ್ಕದ ಸೆರೆಯಾಳಿಗೆ ಅವನು ಏನು ಮಾಡಿದ? ಕೆಂಪುಕೋಟೆಯ ಮೂವರ ನಂತರ ಕ್ಯಾಪ್ಟನ್ ಅಬ್ದುಲ್ ರಶೀದ್ ವಿಚಾರಣೆ ನಡೆಯಿತು. ಫೌಜಿಗೆ ಸೇರಲು ಒಪ್ಪದ ಜೊತೆ ಸೆರೆಯಾಳುಗಳ ಮೇಲೆ ಕ್ರೌರ್ಯ ನಡೆಸಿದ ಆರೋಪ ಅವರ ಮೇಲಿತ್ತು. 1946ರ ಫೆಬ್ರವರಿಯಲ್ಲಿ ಏಳು ವರ್ಷದ ಕಠಿಣ ಶಿಕ್ಷೆ ವಿಧಿಸಿದಾಗ ಕಲ್ಕತ್ತಾ ಹೊತ್ತಿ ಉರಿಯಿತು, ಹಿಂದೂ ಮುಸ್ಲಿಮರು ಒಟ್ಟಾಗಿ ಬೀದಿಗಿಳಿದರು. ಆ ಒಗ್ಗಟ್ಟು ದೊಡ್ಡದು, ಆರೋಪ ಹೊರಿಸಿದ ನ್ಯಾಯಾಲಯ ಸಾಮ್ರಾಜ್ಯದ್ದು, ಅದರ ಮೇಲೆ ನಂಬಿಕೆ ಇಡದಿರಲು ಜನರಿಗೆ ನೂರು ಕಾರಣಗಳಿದ್ದವು. ಆದರೂ ಆ ಜನಸಮೂಹದೊಂದಿಗೆ ನನ್ನ ಮನಸ್ಸು ಹೋಗುವುದಿಲ್ಲ. ದೂರಿಕೊಂಡವರು ಬ್ರಿಟಿಷರಲ್ಲ, ಭಾರತದ ಬಡ ಜವಾನರು. ಅವರ ಬೆನ್ನ ಮೇಲಿನ ಗಾಯವನ್ನು ಕೇಳುವವರು ಆ ದಿನ ಬೀದಿಯಲ್ಲಿ ಯಾರೂ ಇರಲಿಲ್ಲ.

ಅದೇ ಅಳತೆಯಲ್ಲಿ ಮೋಹನ್ ಸಿಂಗ್ ನನಗೆ ದೊಡ್ಡವರಾಗಿ ಕಾಣುತ್ತಾರೆ, ತನ್ನ ಜನರನ್ನು ಅಗ್ಗವಾಗಿ ಒಪ್ಪಿಸುವುದಿಲ್ಲವೆಂದು ಸೆರೆಗೆ ಹೋದವರು ಅವರು. ಬಾವುಟದಲ್ಲಿ ಅವರಿಗೆ ಪೂರ್ತಿ ಎದುರಾಗಿದ್ದ ಚಿಂತ್ ಸಿಂಗರೂ ಅಷ್ಟೇ ದೊಡ್ಡವರು. ಅಂಗೋರಾಂನಲ್ಲಿ ಬದುಕುಳಿದ 11 ಜನರಲ್ಲಿ ಹತ್ತು ಜನ 1945ರ ನವೆಂಬರ್‌ನಲ್ಲಿ ಊರಿಗೆ ಮರಳಲು ವಿಮಾನ ಹತ್ತಿದರು. ಜಪಾನಿ ಕಾವಲುಗಾರರ ವಿರುದ್ಧ ಹೇಳಿಕೆ ಕೊಡಲೆಂದು ಚಿಂತ್ ಸಿಂಗ್ ಹಿಂದೆ ಉಳಿದಿದ್ದರು. ವಿಮಾನ ಬಿದ್ದು ಹತ್ತೂ ಜನ ಸತ್ತರು. ಯುದ್ಧಾಪರಾಧದ ವಿಚಾರಣೆಗಳಲ್ಲಿ ವೇವಾಕ್‌ನ ಆ ಸೆರೆಯಾಳುಗಳ ಪರವಾಗಿ, ಯಾರು ಹೇಗೆ ಸತ್ತರು, ಯಾರು ಹೊಡೆದರು ಎಂದು ಸಾಕ್ಷಿ ಹೇಳುವ ಭಾರ ಅವರ ಮೇಲೆಯೇ ಬಿತ್ತು. ಅವರು ಅದನ್ನು ಹೇಳಿದರು.